ಪೂರ್ತಿ ಕೆಟ್ಟ ಮೇಲೆ ತನ್ನಿ

ಮನೆಯಿಂದ,
ಭಾನುವಾರ ಮಧ್ಯಾಹ್ನ, ೧೪ನೇ ತಾರೀಖು

ಪ್ರೀತಿಯ ಚಿನಕುರುಳಿಯ ಅಪ್ಪನಿಗೆ,

ಹೇಗಿದ್ದೀರಿ? ಸೊಂಟನೋವು ಹೇಗಿದೆ? ಸಿಮೆಂಟು ನೆಲದ ಮೇಲೆ ಮಲಗಿ ಮಲಗಿ, ಎದ್ದು ನಿಲ್ಲುವಾಗ ಗೋಡೆ ಹಿಡಿಯುತ್ತೀರಿ ಎಂದು ಅತ್ತೆ ಬಂದು ಹೇಳಿದರು. ಕಂಬಳಿಯನ್ನು ಮಡಿಸಿ ಸೊಂಟದ ಕೆಳಗೆ ಇಟ್ಟುಕೊಳ್ಳಿ. ಚಳಿಯಾದರೆ ಆಗಲಿ, ಅದಕ್ಕೆ ಸ್ವೆಟರು ಕಳಿಸುತ್ತೇನೆ. ನಾನು ನೋಡಿಕೊಳ್ಳುವ ಮುದುಕರಿಗೆಲ್ಲ ಹೇಳುವುದು ಇದನ್ನೇ, ಅವರಲ್ಲಿ ಅರ್ಧ ಜನ ಕೇಳುತ್ತಾರೆ, ನೀವು ಕೇಳುವ ಪೈಕಿಯಲ್ಲ. ಈ ಕಾಗದವನ್ನು ನಿಮಗಿಂತ ಮೊದಲು ಒಡೆದು ಓದುವ ಜೈಲಿನ ಸಾಹೇಬರಿಗೂ ನನ್ನ ನಮಸ್ಕಾರ ತಿಳಿಸಿ. ಹೋದ ಸಲದ ಕಾಗದದ ಮೇಲೆ ಅವರ ಟೀ ಲೋಟದ ಗುರುತಿತ್ತು ಎಂದು ನಿಮ್ಮ ಮಗಳು ವರದಿ ಕೊಟ್ಟಿದ್ದಾಳೆ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ವಾಡಿಕೆಗೋಸ್ಕರ ಸುಳ್ಳು ಬರೆಯುವವಳು ನಾನಲ್ಲ. ಅತ್ತೆಯ ಮಂಡಿ ಊದಿಕೊಂಡಿದೆ, ಹಿತ್ತಲ ಕಡೆಯ ಕಿಟಕಿ ಇನ್ನೂ ಮುಚ್ಚುವುದಿಲ್ಲ. ಚಿನಕುರುಳಿಯ ಮುಂದಿನ ಹಲ್ಲು ಬಿದ್ದಿದೆ, ಆ ಸಂದಿಯಿಂದ ಮಾತು ಮೊದಲಿಗಿಂತ ಜೋರಾಗಿ ಸುರಿಯುತ್ತಿದೆ. ಮಿಕ್ಕಂತೆ ಒಲೆ ಉರಿಯುತ್ತಿದೆ.

ಈಗ ಕಾರಿನ ವಿಷಯ. ಭೇಟಿಗೆ ಬಂದಾಗ ಅತ್ತೆ ನಿಮಗೆ ಕಾರು ಕೊಂಡ ಸುದ್ದಿ ಹೇಳಿದರಂತೆ. ಯಾರು ಓಡಿಸುತ್ತಾರೆ ಎಂದು ನೀವು ಕೇಳಿದ್ದಕ್ಕೆ ಪಕ್ಕದ ಮನೆಯ ಟೈಲರ್ ಮೇಲೆ ಹಾಕಿ ಜಾರಿಕೊಂಡರಂತೆ. ಓಡಿಸುವುದು ನಾನೇ. ನೀವು ಖಾಲಿ ಮೈದಾನದಲ್ಲಿ ಕಲಿಸಲು ಹೋಗಿ, ನಾನು ಅಲ್ಲಿದ್ದ ಒಂದೇ ಕಂಬಕ್ಕೆ ಗುದ್ದಿದಾಗ, "ನಿನ್ನ ಕೈಗೆ ಸ್ಟೇರಿಂಗ್ ಕೊಡೋದೂ ಒಂದೇ, ಮಂಗನ ಕೈಗೆ ಮಾಣಿಕ್ಯ ಕೊಡೋದೂ ಒಂದೇ" ಎಂದಿದ್ದಿರಲ್ಲ, ಆ ಮಂಗ ಈಗ ಲೈಸೆನ್ಸ್ ತೆಗೆದುಕೊಂಡಿದೆ. ಬೇರೆ ದಾರಿ ಇರಲಿಲ್ಲ. ಹಾಸಿಗೆ ಹಿಡಿದವರಿಗೆ ಸ್ನಾನ ಮಾಡಿಸಿ, ಮಗ್ಗುಲು ಬದಲಿಸಿ, ಮಾತ್ರೆ ನುಂಗಿಸುವ ಈ ಕೆಲಸಕ್ಕೆ ಇನ್ನು ಮುಂದೆ ಸ್ವಂತ ಗಾಡಿ ಇದ್ದವರನ್ನು ಮಾತ್ರ ಇಟ್ಟುಕೊಳ್ಳುತ್ತೇವೆ ಎಂದು ಏಜೆನ್ಸಿಯವರು ಹೇಳಿಬಿಟ್ಟರು. ಮನೆಗಳೋ ಒಂದು ಊರಿನ ಈ ತುದಿಗೆ, ಇನ್ನೊಂದು ಆ ತುದಿಗೆ. ಹಳೇ ಕಾರು ಮಾರುವ ಅಂಗಡಿಯಲ್ಲಿ ಬೂದಿ ಬಣ್ಣದ್ದೊಂದು ಸಿಕ್ಕಿತು. ಹಿಂದಿನ ಸೀಟಿನ ತುಂಬ ಯಾರದೋ ನಾಯಿಯ ಕೂದಲು, ಡ್ಯಾಶ್‌ಬೋರ್ಡಿನ ಮೇಲೆ ಕಿತ್ತ ಸ್ಟಿಕ್ಕರಿನ ಅಂಟು. ಆದರೆ ಆರು ತಿಂಗಳ ವಾರಂಟಿ. ಎಂಜಿನ್ನು, ಗೇರ್‌ಬಾಕ್ಸು, ಬ್ರೇಕು, ಏನೇ ಆದರೂ ನಾವಿದ್ದೇವೆ ಎಂದು ಮಾರುವವನು ಎದೆ ತಟ್ಟಿಕೊಂಡು ಹೇಳಿದ. ಬ್ರೇಕು ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಾನು ಬೇರೇನೂ ಕೇಳಲಿಲ್ಲ, ಸಹಿ ಹಾಕಿದೆ.

ಮೊದಲ ಕೆಲವು ವಾರ ನಮ್ಮ ಮನೆಯಲ್ಲಿ ಹಬ್ಬವೇ ಹಬ್ಬ. ಅತ್ತೆ ಮುಂದಿನ ಸೀಟಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟು ಪಟ್ಟದ ರಾಣಿಯಂತೆ ಕೂರುವುದೇನು, ಎದುರು ಬರುವವರಿಗೆಲ್ಲ ತಲೆಯಾಡಿಸುವುದೇನು. ನಿಮ್ಮ ಭೇಟಿಯ ದಿನ ಅತ್ತೆಯನ್ನೂ ಚಿನಕುರುಳಿಯನ್ನೂ ಕರೆತಂದವಳು ನಾನೇ. ಆ ಉದ್ದನೆಯ ಗೋಡೆಯ ನೆರಳಿನಲ್ಲಿ ಕಾರು ನಿಲ್ಲಿಸಿ, ಗಾಜು ಇಳಿಸಿಕೊಂಡು ಕುಳಿತಿದ್ದೆ. ಗೋಡೆಯ ಆಚೆ ನೀವು, ಈಚೆ ನಾನು. ಇಳಿಯಲಿಲ್ಲ.

ಯಾಕೆ ಎಂದು ನಿಮಗೆ ಗೊತ್ತು. ಆದರೂ ಒಮ್ಮೆ ಬರೆದುಬಿಡುತ್ತೇನೆ, ಎದುರಿಗೆ ಕುಳಿತರೆ ನನಗೆ ಬರುವುದು ಬರೀ ಕೂಗಾಟ. ನೀವು ಓಡಿಸುತ್ತಿದ್ದ ಲಾಂಡ್ರಿಯ ವ್ಯಾನಿನ ಬ್ರೇಕು ಸರಿಯಿಲ್ಲ ಎಂಬುದು ನಿಮಗೆ ಗೊತ್ತಿತ್ತು. ಹ್ಯಾಂಡ್ ಬ್ರೇಕಂತೂ ಮೊದಲೇ ತುಕ್ಕು ಹಿಡಿದು ಕುಳಿತಿತ್ತು. ಮಾಲೀಕನಿಗೆ ಹೇಳಿದಿರಿ. "ಈ ವಾರ ಓಡ್ಸು, ಮುಂದಿನ ವಾರ ನೋಡೋಣ" ಎಂದ. ಓಡಿಸಿದಿರಿ. ಇಳಿಜಾರಿನಲ್ಲಿ ತರಕಾರಿ ಚೀಲ ಹಿಡಿದು ರಸ್ತೆ ದಾಟುತ್ತಿದ್ದ ಹೆಂಗಸು ಸತ್ತಳು. ಕೋರ್ಟಿನಲ್ಲಿ ಮಾಲೀಕ ತನಗೆ ಯಾರೂ ಹೇಳಿಯೇ ಇರಲಿಲ್ಲ ಎಂದ, ನೀವು ಗೊತ್ತಿತ್ತು ಎಂದಿರಿ. ನಿಜ ಹೇಳಿದವನು ಒಳಗೆ ಹೋದ, ಸುಳ್ಳು ಹೇಳಿದವನು ಇವತ್ತಿಗೂ ಊರಿನವರ ಬಟ್ಟೆ ಒಗೆಸುತ್ತಿದ್ದಾನೆ. ನನ್ನ ಸಿಟ್ಟು ಅದಕ್ಕಲ್ಲ. ಮೊದಮೊದಲು ಬಂದಾಗಲೆಲ್ಲ ನಾನು ನಿಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ, "ಗೊತ್ತಿದ್ದೂ ಯಾಕೆ ಓಡಿಸಿದ್ರಿ?" ನೀವು ಒಂದು ಸಲವೂ ಉತ್ತರ ಕೊಡಲಿಲ್ಲ. ನಿಮ್ಮ ಅಂಗೈ ನೋಡುತ್ತಾ ಕುಳಿತಿರಿ. ಉತ್ತರ ಕೊಡದವರ ಮುಖ ನೋಡಲು ನಾನೇಕೆ ಅಷ್ಟು ದೂರ ಬರಬೇಕು ಎಂದು ಬರುವುದನ್ನೇ ಬಿಟ್ಟೆ. ಆ ಹೆಂಗಸಿನ ಮಗಳು ಕೋರ್ಟಿನ ಬೆಂಚಿನ ಮೇಲೆ ನಿದ್ದೆ ಹೋಗಿದ್ದಳು, ನಮ್ಮವಳದೇ ವಯಸ್ಸು, ಕಾಲುಚೀಲ ಒಂದೇ ಇತ್ತು. ಅದು ನನ್ನ ಕಣ್ಣಿನಿಂದ ಹೋಗುವುದಿಲ್ಲ.

ಇರಲಿ. ಈ ತಿಂಗಳ ಮೊದಲಲ್ಲಿ ಒಂದು ದಿನ ಸಿಗ್ನಲಿನಲ್ಲಿ ನಿಂತಿದ್ದಾಗ ಬ್ರೇಕ್ ಪೆಡಲು ನನ್ನ ಕಾಲಿನ ಕೆಳಗೆ ಮೆಲ್ಲಗೆ ಇಳಿಯಿತು. ಎತ್ತಿ ಇನ್ನೊಮ್ಮೆ ಒತ್ತಿದೆ, ಗಟ್ಟಿಯಾಗಿ ಹಿಡಿಯಿತು. ಬೇರೆ ಹೆಂಗಸಾಗಿದ್ದರೆ ತನ್ನ ಚಪ್ಪಲಿಯೇ ಜಾರಿತು ಎಂದುಕೊಳ್ಳುತ್ತಿದ್ದಳೋ ಏನೋ. ವ್ಯಾನಿನ ಬ್ರೇಕು ಕೈಕೊಡುತ್ತಿದ್ದ ಆ ವಾರ ನೀವು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸ್ಪಂಜನ್ನು ನೆಲಕ್ಕೆ ಹಾಕಿ, ಅದರ ಮೇಲೆ ಕಾಲಿಟ್ಟು, "ನೋಡು, ಹೀಗೆ ಇಳಿಯುತ್ತೆ" ಎಂದು ತೋರಿಸಿದ್ದಿರಿ. ನಾನು ಸ್ಪಂಜು ಹಾಳಾಯಿತು ಎಂದು ಬೈದಿದ್ದೆ. ಆ ಸ್ಪಂಜೇ ನನ್ನ ಕಾಲಿನ ಕೆಳಗೆ ಬಂದಂತಾಯಿತು.

ಕಳೆದ ಸೋಮವಾರ ವಾರಂಟಿಯ ಪುಸ್ತಕ ಹಿಡಿದು ಅಂಗಡಿಗೆ ಹೋದೆ. ಕೊಳ್ಳುವಾಗ ಟೀ ಕೊಟ್ಟಿದ್ದರು, ಈ ಸಲ ನೀರು ಕೊಟ್ಟರು. ಕೌಂಟರಿನ ಹುಡುಗಿ ಒಳ್ಳೆಯವಳೇ, ಮಾತು ಬೆಣ್ಣೆಯಂತೆ. ಬ್ರೇಕ್ ಪ್ಯಾಡು ಸವೆಯುವ ವಸ್ತುವಾದ್ದರಿಂದ ವಾರಂಟಿಗೆ ಬರುವುದಿಲ್ಲವಂತೆ. ಪ್ಯಾಡು ಚೆನ್ನಾಗಿಯೇ ಇದೆ, ನನ್ನ ಗೋಳು ಅದಲ್ಲ, ಬ್ರೇಕಿನ ಎಣ್ಣೆಯನ್ನು ಒತ್ತುವ ಸಿಲಿಂಡರು ಹೋಗುತ್ತಿದೆ ಎಂದೆ. ಇದನ್ನು ನಿಮಗೆ ಯಾರು ಹೇಳಿದರು ಎಂದು ಕೇಳಿದಳು. ನನ್ನ ಗಂಡ ಡ್ರೈವರು ಎಂದಷ್ಟೇ ಹೇಳಿದೆ. ಅವಳು ಪುಸ್ತಕದಲ್ಲಿ ಬೆರಳಾಡಿಸಿ, ಸಿಲಿಂಡರು ವಾರಂಟಿಯಲ್ಲಿ ಇದೆ ಮೇಡಂ ಎಂದಾಗ ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಶೆಡ್ಡಿನಿಂದ ಕನ್ನಡಕದ ಮೇಸ್ತ್ರಿ ಬಂದು ಕಾರಿನಲ್ಲಿ ಕುಳಿತು ಪೆಡಲು ಒತ್ತಿದ, ಅದು ಇಳಿಯಿತು, ಬಿಟ್ಟು ಮತ್ತೆ ಒತ್ತಿದ, ಹಿಡಿಯಿತು. ಬ್ರೇಕು ಹಿಡಿಯುತ್ತಿದೆ ಎಂದು ಬರೆದುಕೊಟ್ಟ. ಹುಡುಗಿ ಅದನ್ನು ಓದಿ, "ಇನ್ನೂ ಕೆಲಸ ಮಾಡ್ತಿದೆಯಲ್ಲ ಮೇಡಂ. ಈಗ ಕ್ಲೇಮು ಕಳಿಸಿದ್ರೆ ಪಾಸಾಗಲ್ಲ. ಪೂರ್ತಿ ಕೆಟ್ಟ ಮೇಲೆ ತನ್ನಿ, ನೀವೇನೂ ಕೊಡೋದು ಬೇಡ" ಎಂದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದನ್ನು ಕೇಳಿದ್ದೆ, ಸೂರೆ ಹೋಗದೆ ಬಾಗಿಲು ಹಾಕುವಂತಿಲ್ಲ ಎಂಬ ಕಾನೂನನ್ನು ಅಲ್ಲೇ ನೋಡಿದ್ದು. ಬ್ರೇಕು ಪೂರ್ತಿ ಕೆಡುವುದು ಎಂದರೆ ಏನಮ್ಮ ಎಂದು ಕೇಳಿದೆ. ಅವಳು ಹಲ್ಲು ಕಾಣುವಂತೆ ನಕ್ಕಳು, ಪಾಪ. ಹೊರಗೆ ಎಲ್ಲಾದರೂ ಬಿಚ್ಚಿಸಿದರೆ ಇಡೀ ಕಾರಿನ ವಾರಂಟಿಯೇ ರದ್ದು, ಇಲ್ಲೇ ಕೈಯಿಂದ ಕೊಟ್ಟು ಮಾಡಿಸಲು ನನ್ನ ಕೈ ಖಾಲಿ. ಅತ್ತ ದರಿ, ಇತ್ತ ಪುಲಿ.

ಮೇಸ್ತ್ರಿ ಕಾರಿನ ತನಕ ನನ್ನ ಜೊತೆಗೇ ಬಂದ. ಕೆಟ್ಟವನಲ್ಲ, ಅವನ ಕಣ್ಣಲ್ಲಿ ಕರುಣೆ ಇತ್ತು, ಅದನ್ನೇ ನನಗೆ ತಡೆಯಲಾಗಲಿಲ್ಲ. ಸುತ್ತ ನೋಡಿ ದನಿ ತಗ್ಗಿಸಿ, "ಈ ವಾರ ಓಡಿಸಿ ಅಕ್ಕ, ನಿಧಾನಕ್ಕೆ. ಅದೇ ಕೈ ಕೊಡುತ್ತೆ. ಆಮೇಲೆ ನೋಡೋಣ" ಎಂದ. ಅದೇ ಮಾತು. ಈ ವಾರ ಓಡಿಸು, ಆಮೇಲೆ ನೋಡೋಣ. ಊರಿನವರೆಲ್ಲ ಸೇರಿ ಬಾಯಿಪಾಠ ಮಾಡಿದ್ದಾರೇನೋ ಎನಿಸಿತು. ನಾನು ನಕ್ಕುಬಿಟ್ಟೆ. ಬಾಗಿಲಿಗೆ ಒರಗಿ ನಗುತ್ತಲೇ ಇದ್ದೆ, ಅವನು ಹೆದರಿ ಇನ್ನೊಂದು ಲೋಟ ನೀರು ತಂದುಕೊಟ್ಟ.

ಮನೆಗೆ ಬಂದು ಯೋಚನೆ ಮಾಡಿದೆ. ಕಾರು ನಿಲ್ಲಿಸಿದರೆ ಮರುದಿನವೇ ನನ್ನ ಮನೆಗಳನ್ನು ಬೇರೆಯವಳಿಗೆ ಕೊಡುತ್ತಾರೆ. ಮೊದಲನೇ ಮನೆಯ ರಿಟೈರ್ಡ್ ಮೇಷ್ಟ್ರು ನಾನು ಹೋಗುವ ತನಕ ಒದ್ದೆ ಹಾಸಿಗೆಯಲ್ಲೇ ಬಿದ್ದಿರುತ್ತಾರೆ, ಬಾಗಿಲು ಸದ್ದಾದರೆ ನಾಚಿಕೆಯಿಂದ ಗೋಡೆಯ ಕಡೆ ತಿರುಗುತ್ತಾರೆ. ಕೆಲಸ ಹೋದರೆ ಕಾರಿನ ಸಾಲದ ಕಂತು ಕಟ್ಟುವುದೂ ಹೋಯಿತು, ಅತ್ತೆ ನಿಮ್ಮನ್ನು ನೋಡಲು ಬರುವುದೂ ಹೋಯಿತು. ಆ ಮಂಡಿ ಇಟ್ಟುಕೊಂಡು ಅವರು ಬಸ್ಸು ಹತ್ತಲಾರರು. ಬ್ರೇಕು ಕೆಟ್ಟರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಅಂತೂ ಶನಿವಾರ ಅವರು ವಾರಂಟಿಯಲ್ಲೇ ರಿಪೇರಿಗೆ ಒಪ್ಪಿಕೊಂಡರು. ಕಾರು ಈಗ ಅವರ ಶೆಡ್ಡಿನಲ್ಲಿದೆ, ಹೊಸ ಸಿಲಿಂಡರು ಹಾಕಿ ನಾಳೆ ಸಂಜೆ ಕೊಡುತ್ತಾರಂತೆ. ನಾಳೆಯೇ ಕಾರು ಸಿಗುತ್ತದೆ ಎಂದದ್ದಕ್ಕೆ ಒಂದು ದಿನದ ರಜೆಗೆ ಏಜೆನ್ಸಿಯವರೂ ಹೂಂ ಎಂದಿದ್ದಾರೆ. ಆದ್ದರಿಂದ ನೀವು ಚಿಂತೆ ಮಾಡಬೇಡಿ, ಮುಂದಿನ ಭೇಟಿಗೆ ಅತ್ತೆ, ಚಿನಕುರುಳಿ ಬಂದೇ ಬರುತ್ತಾರೆ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಹೊಟ್ಟೆ ತುಂಬ ಊಟ ಮಾಡಬೇಕಂತೆ, ಅಲ್ಲಿನ ಅಡುಗೆಯವರ ಜೊತೆ ಜಗಳ ಬೇಡವಂತೆ. ಬಿದ್ದ ಹಲ್ಲನ್ನು ನಿಮಗೇ ಕಳಿಸಬೇಕೆಂದು ಚಿನಕುರುಳಿ ಹಟ ಹಿಡಿದಿದ್ದಳು, ಸಾಹೇಬರು ಹೆದರಿಕೊಂಡಾರು ಎಂದು ಬೇಡವೆಂದೆ. ಮೈ ಕಡೆ ನೋಡಿಕೊಳ್ಳಿ.

ಇಂತಿ ನಿಮ್ಮ,
ಬಾಯಿಬಡುಕಿ

ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಹೇಗೆ ಒಪ್ಪಿಕೊಂಡರು ಎಂದು ನೀವು ಯೋಚಿಸಿಯೇ ಯೋಚಿಸುತ್ತೀರಿ. ಪೂರ್ತಿ ಕೆಟ್ಟಿತು, ಒಪ್ಪಿಕೊಂಡರು. ಅತ್ತೆಗೆ ಎಲ್ಲ ಸರಿ ಇದೆಯಂತೆ ಎಂದು ಹೇಳಿ ಮಂಗಳವಾರದಿಂದ ನಾನು ಕಾರು ಓಡಿಸಿದೆ. ಗೊತ್ತಿದ್ದೂ ಓಡಿಸಿದೆ. ಶುಕ್ರವಾರ ಬೆಳಿಗ್ಗೆ ಶಾಲೆಯ ಇಳಿಜಾರಿನಲ್ಲಿ ಪೆಡಲು ನೆಲ ಮುಟ್ಟಿತು, ಎಷ್ಟು ತುಳಿದರೂ ಮೇಲೆ ಬರಲಿಲ್ಲ. ಹಿಂದಿನ ಸೀಟಿನಲ್ಲಿ ನಮ್ಮ ಮಗಳು ಮಗ್ಗಿ ಹೇಳುತ್ತಿದ್ದಳು. ಮುಂದೆ ಒಬ್ಬ ಅಜ್ಜ ಮೊಮ್ಮಗಳ ಶೂ ಲೇಸು ಕಟ್ಟಲು ರಸ್ತೆಯಲ್ಲೇ ಬಗ್ಗಿದ್ದ. ನೀವು ಕಲಿಸಿದಂತೆ ಗೇರು ಇಳಿಸಿ ಹ್ಯಾಂಡ್ ಬ್ರೇಕ್ ಎಳೆದೆ. ನಿಮ್ಮದು ತುಕ್ಕು ಹಿಡಿದಿತ್ತು, ನನ್ನದು ಹಿಡಿಯಿತು. ಬಂಪರು ಅವನ ಬೆನ್ನಿನ ಹತ್ತಿರ ಹೋಗಿ ನಿಂತಿತು, ನಡುವೆ ಒಂದು ಕೈ ತೂರಿಸುವಷ್ಟು ಜಾಗ. ಅವನಿಗೆ ಗೊತ್ತೇ ಆಗಲಿಲ್ಲ, ಲೇಸು ಕಟ್ಟಿ ಮುಗಿಸಿ ಮಗುವಿನ ಕೈ ಹಿಡಿದು ಹೋದ. ಮುಂದಿನ ಭೇಟಿಗೆ ನಾನು ಒಳಗೆ ಬರುತ್ತೇನೆ. ಆ ಪ್ರಶ್ನೆಯನ್ನು ಈ ಸಲ ನೀವು ನನ್ನನ್ನು ಕೇಳಿ. ನಾನೂ ನನ್ನ ಅಂಗೈ ನೋಡುತ್ತಾ ಕೂರುತ್ತೇನೆ.