ಮುಳುಗಿದ ಹೊಲದ ಮೇಲಿನ ಮನೆ

ಟೆಲ್‌ಫೋರ್ಡ್ ದೋಣಿಕಟ್ಟೆ,
ಒಹಾಯೋ ನದಿಯ ಉತ್ತರ ದಡ
ಫೆಬ್ರವರಿ 16, 1987

ಪ್ರೀತಿಯ ವರ್ಲ್,

ನಿನ್ನ ಕೆಮ್ಮು ಹೇಗಿದೆ? ಚುಕ್ಕಾಣಿ ಕೋಣೆಯ ಕಿಟಕಿ ತೆರೆದಿಟ್ಟುಕೊಂಡೇ ಹಡಗು ನಡೆಸುವವನು ನೀನು. ನ್ಯೂ ಆರ್ಲಿಯನ್ಸ್ ಕಡೆ ಬೆಚ್ಚಗಿರಬಹುದು, ಆದರೂ ನೀರಿನ ಮೇಲಿನ ಗಾಳಿ ಗಾಳಿಯೇ. ಎದೆ ಮುಚ್ಚಿಕೊಂಡಿರು. ನಾನೂ ಮಗಳೂ ಚೆನ್ನಾಗಿದ್ದೇವೆ. ಮನೆಯನ್ನು ತೇಲಿಸುವ ಅಡಿಯ ಪೀಪಾಯಿಗಳು ಸೋರುತ್ತಿಲ್ಲ, ದಡದಂಚಿಗೆ ಮಾತ್ರ ತೆಳ್ಳಗೆ ಮಂಜುಗಡ್ಡೆ ಕಟ್ಟಿದೆ. ರಾಯ್ಸ್‌ನ ಹೆಸರನ್ನು ಈಗ ಟ್ವೈಲಾ ತಾನಾಗಿಯೇ ಎತ್ತುತ್ತಾಳೆ. ಮೊನ್ನೆ ಊಟಕ್ಕೆ ಕೂತಾಗ, "ಅಣ್ಣ ಇದ್ದಿದ್ರೆ ಈ ಬೀನ್ಸ್ ಪಾತ್ರೆ ಇಷ್ಟೊತ್ತಿಗೆ ಖಾಲಿ" ಅಂದಳು. ನಾನು ನಕ್ಕೆ. ನಕ್ಕಿದ್ದು ಗೊತ್ತಾಗಿ ಎದ್ದು ಒಲೆಯ ಕಡೆ ತಿರುಗಿದೆ.

ಅವಳ ಅರ್ಜಿಯ ವಿಷಯ ನಿನಗೆ ಅರ್ಧ ಗೊತ್ತು. ನದಿ ತನ್ನ ತಳವನ್ನು ಹೇಗೆ ಕೊರೆಯುತ್ತದೆ, ಸುಳಿ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಕಲಿಯಲು ಅವಳಿಗೆ ಇಂಡಿಯಾನಾದ ಸರ್ಕಾರಿ ವಿಶ್ವವಿದ್ಯಾಲಯವೇ ಬೇಕು. ಅಣ್ಣನನ್ನು ನೀರು ಒಯ್ದ ಮೇಲೆ ಬೇರೆ ಯಾವ ಓದೂ ಅವಳಿಗೆ ರುಚಿಸುವುದಿಲ್ಲ. ನಾವೋ ಕೆಂಟಕಿಯವರು. ನೀರೆಲ್ಲ ಕೆಂಟಕಿಯದು, ಇಂಡಿಯಾನಾ ಶುರುವಾಗುವುದು ಈ ದಡದಿಂದ ಎಂದು ನಂಬಿಯೇ ನಿನ್ನಪ್ಪನ ಕಾಲದಿಂದ ದೋಣಿಮನೆಯ ತೆರಿಗೆಯನ್ನು ಸೇತುವೆ ದಾಟಿ ಹೋಗಿ ಕಟ್ಟಿದ್ದೇವೆ, ಮಕ್ಕಳನ್ನು ಆಚೆಯ ಶಾಲೆಗೇ ಕಳಿಸಿದ್ದೇವೆ. ಶಾಲೆಯ ಸಲಹೆಗಾರ್ತಿ ಅರ್ಜಿ ನೋಡಿ, "ಅವರ ರಾಜ್ಯದ ಮಕ್ಕಳಾದ್ರೆ ಇಬ್ಬರಲ್ಲಿ ಒಬ್ಬರನ್ನ ತಗೋತಾರೆ. ಹೊರಗಿನವರಾದ್ರೆ ಹತ್ತರಲ್ಲಿ ಒಬ್ಬರು. ನಿನ್ನ ಅಂಕ ಪರವಾಗಿಲ್ಲ ಅನ್ನೋ ಹಾಗಿದೆ ಅಷ್ಟೆ. ಜಾಸ್ತಿ ಆಸೆ ಇಟ್ಕೋಬೇಡಮ್ಮ" ಅಂದರಂತೆ. ಟ್ವೈಲಾ ಮನೆಗೆ ಬಂದವಳು ಬಾಗಿಲಲ್ಲೇ ನಿಂತು ದಡವನ್ನು ನೋಡುತ್ತ, "ಇಲ್ಲಿಂದ ಉಗಿದ್ರೂ ಇಂಡಿಯಾನಾಕ್ಕೆ ಬೀಳತ್ತೆ. ನಾನು ಮಾತ್ರ ಹೊರಗಿನವಳು" ಅಂದಳು.

ಆಮೇಲೆ ಎಂಬ್ರೀ ಅನ್ನುವವರು ಬಂದರು. ಎರಡು ರಾಜ್ಯಗಳ ಹಳೆಯ ಗಡಿ ಜಗಳ ಕೋರ್ಟಿನಲ್ಲಿ ಮುಗಿದಿದೆಯಲ್ಲ, ಆ ಗೆರೆಗೆ ಗುರುತು ಹಾಕುವ ಮೋಜಣಿದಾರರು. ಚಳಿಗೆ ಮೂಗು ಕೆಂಪಾಗಿತ್ತು. "ಒಂದು ಲೋಟ ಕಾಫಿ ಕೊಟ್ರೆ ನಿಮ್ಮ ಮನೆ ಯಾವ ರಾಜ್ಯದಲ್ಲಿದೆ ಅಂತ ಹೇಳ್ತೀನಿ" ಅಂದರು. ಅದು ನಮಗೆ ಗೊತ್ತಿಲ್ಲವೇ ಎಂದು ನಾನು ಅಂದುಕೊಂಡೆ. ಅವರು ನಕ್ಷೆ ಬಿಡಿಸಿದರು. "ನೀರು ಕೆಂಟಕಿಯದು ನಿಜ. ಆದ್ರೆ ಯಾವ ನೀರು? ಕೆಂಟಕಿ ಒಂದು ರಾಜ್ಯ ಆದ ಕಾಲದಲ್ಲಿ ಬೇಸಿಗೇಲಿ ಹರೀತಿದ್ದ ನೀರು. ಆಮೇಲೆ ಅಣೆಕಟ್ಟು ಕಟ್ಟಿ ನದೀನ ಎಬ್ಬಿಸಿದ್ರು. ನದಿ ಅಗಲ ಆಯ್ತು, ಗೆರೆ ಇದ್ದಲ್ಲೇ ಉಳೀತು." ಹೀಗೆಂದು ಅಡಿಗೆಮನೆಯ ಕಿಟಕಿಯಾಚೆ ಕೈ ತೋರಿಸಿದರು. ಗೆರೆ ಅಷ್ಟು ದೂರ, ನಡುನೀರಿನ ಕಡೆ ಇದೆಯಂತೆ. ನಮ್ಮ ಮನೆ ತೇಲುತ್ತಿರುವುದು ಇಂಡಿಯಾನಾದ ಮೇಲೆ. ನನ್ನ ಒಲೆಯ ನೇರ ಕೆಳಗೆ ಯಾರದೋ ಜೋಳದ ಹೊಲವಿತ್ತು, ಬೇಲಿಯಿತ್ತು, ಗಾಡಿ ಓಡಾಡುವ ದಾರಿಯಿತ್ತು.

ವರ್ಲ್, ಮದುವೆಯಾಗಿ ಬಂದಾಗಿನಿಂದ ಆ ಕಿಟಕಿಯಿಂದ ಪಾತ್ರೆ ತೊಳೆದ ನೀರು ಚೆಲ್ಲಿದ್ದೇನೆ, ಕೆಳಗೆ ಏನಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಚರ್ಚಿನಲ್ಲಿ ಮಂಡಿಯೂರಿದಾಗಲೂ ಮೈ ಹಾಗೆ ಜುಮ್ಮೆಂದಿಲ್ಲ. ಹೋದ ಮಾರ್ಚಿನಲ್ಲಿ ಹಿಂದಿನ ಜಗಲಿಯಿಂದ ರಾಯ್ಸ್ ಜಾರಿದಾಗ ಅಲ್ಲಿ ತಳವೇ ಇಲ್ಲವೆಂದು ನನಗನ್ನಿಸಿತ್ತು. ಈಗ ಅಲ್ಲೊಂದು ನೆಲ ಕಾಣುತ್ತದೆ, ಯಾರೋ ಉತ್ತು ಬಿತ್ತಿದ ನೆಲ. ಅದರಿಂದ ಏನೂ ಬದಲಾಗುವುದಿಲ್ಲ, ನನಗೆ ಗೊತ್ತು. ಆದರೂ ಅಂದು ನಿದ್ದೆ ಬಂತು.

ಮನೆ ಇಂಡಿಯಾನಾದಲ್ಲಿದೆ ಎಂದು ಎಂಬ್ರೀಯವರು ಬರೆದುಕೊಟ್ಟದ್ದನ್ನು ಟ್ವೈಲಾ ವಿಶ್ವವಿದ್ಯಾಲಯಕ್ಕೆ ಕಳಿಸಿದಳು. ಉತ್ತರ ಬಂದಿದೆ: ಆಗಸ್ಟಿನಲ್ಲಿ ತರಗತಿ ಶುರುವಾಗುವವರೆಗೆ ಮನೆ ಇದೇ ಜಾಗದಲ್ಲಿದ್ದರೆ ಅವಳನ್ನು ತಮ್ಮ ರಾಜ್ಯದವಳೆಂದೇ ಎಣಿಸುತ್ತಾರೆ. ಸೇರಿಸಿಕೊಂಡೇಬಿಡುತ್ತೇವೆ ಅಂದಿಲ್ಲ. ಹತ್ತರಲ್ಲಿ ಒಬ್ಬಳಾಗಬೇಕಿದ್ದವಳು ಈಗ ಇಬ್ಬರಲ್ಲಿ ಒಬ್ಬಳಾದರೆ ಸಾಕು, ಅಷ್ಟೆ. ಆ ಕಾಗದವನ್ನು ಅವಳು ದಿಂಬಿನಡಿ ಇಟ್ಟುಕೊಂಡಿದ್ದಾಳೆ. ನೆರೆಯ ಕ್ಲೀಟಸ್ ಸುದ್ದಿ ಕೇಳಿ, "ಏನ್ ಅರ್ಲೆಟಾ, ಕೂತಲ್ಲೇ ಇಂಡಿಯಾನಾದವಳಾಗ್ಬಿಟ್ಯಲ್ಲ. ಇನ್ಮೇಲೆ ನಮ್ಮ ಕೆಂಟಕಿ ಮೀನು ಗಂಟಲಲ್ಲಿ ಇಳಿಯತ್ತೋ ಇಲ್ವೋ" ಅಂದ.

ಆದರೆ ಮನೆಯನ್ನು ಈ ಶನಿವಾರ ಎಳೆದು ಕೆಂಟಕಿ ದಡಕ್ಕೆ ಕಟ್ಟುವಂತೆ ನೀನು ಅದೇ ಕ್ಲೀಟಸ್‌ಗೆ ಹೇಳಿ ಹೋಗಿದ್ದೀಯ. ಆ ಜಗಲಿಯ ಕೆಳಗಿನ ಈ ನೀರನ್ನು ಇನ್ನು ನೋಡಲಾರೆ ಎಂದು ನೀನು ಅಂದೆ. ನಾನೂ ಹೂಂ ಅಂದಿದ್ದೆ. ನಿನ್ನ ಸಂಕಟ ನನಗೆ ಬೇರೆಯಲ್ಲ. ಏನು ಮಾಡೋಣ, ನೀನೇ ಬರಿ.

ಹಡಗಿನ ಅಡಿಗೆಯವನಿಗೆ ನನ್ನ ನೆನಪು ತಿಳಿಸು. ನದಿಯ ಮೇಲಿರುವ ಎಲ್ಲರನ್ನೂ ದೇವರು ಕಾಯಲಿ.

ನಿನ್ನ
ಅರ್ಲೆಟಾ

ಇನ್ನೊಂದು ಮಾತು: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಶನಿವಾರ ಮಳೆಯಂತೆ, ಕ್ಲೀಟಸ್ ಇವತ್ತೇ ಎಳೆಯುವ ದೋಣಿ ತಂದುಬಿಟ್ಟ. ಬಗ್ಗಿ ಹಗ್ಗ ಕಟ್ಟುತ್ತಿದ್ದ. ಟ್ವೈಲಾ ನನ್ನ ಮುಖ ನೋಡಿದಳು. ಬಿಚ್ಚು ಅಂದೆ. "ವರ್ಲ್ ಏನಂತಾನೆ?" ಅಂದ. "ಬೈತಾನೆ" ಅಂದೆ. ಅವನು ಹಗ್ಗ ಸುತ್ತಿಕೊಂಡು ಹೋದ. ಆಮೇಲೆ ಮಾರ್ಚಿನಿಂದ ಹಾಕಿದ್ದ ಹಿಂದಿನ ಬಾಗಿಲು ತೆಗೆದು ಜಗಲಿಗೆ ಹೋದೆ. ಸ್ವಲ್ಪ ಹೊತ್ತು ನಿಂತೆ. ನಿಲ್ಲಲು ಆಗುತ್ತದೆ, ವರ್ಲ್. ಬಂದಾಗ ನೀನೊಬ್ಬನೇ ನಿಲ್ಲಬೇಕಾಗಿಲ್ಲ.