ಬಯಕೆಯಿಲ್ಲದ ಬಸಿರು

ಕಿಟಕಿ ಪಕ್ಕದ ಹಾಸಿಗೆಯ ಅಕ್ಕನಿಗೆ,

ನಿಮ್ಮ ಹೆಸರನ್ನು ನಾನು ಕೇಳಲೇ ಇಲ್ಲ. ಆಸ್ಪತ್ರೆಯಲ್ಲಿ ನಮ್ಮಿಬ್ಬರಿಗೂ ಹೆಸರಿಗಿಂತ ಬೋಗುಣಿಯೇ ಮುಖ್ಯವಾಗಿತ್ತು. ಬಾಯಿ ತೆರೆದರೆ ಮಾತಿಗಿಂತ ಮೊದಲು ವಾಂತಿ ಬರುತ್ತಿದ್ದ ಕಾಲವದು.

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಮಸಿಯ ವಾಸನೆಯೆಂದರೆ ನನಗೆ ಪ್ರಾಣ. ಬಸಿರಾದ ಎರಡನೇ ತಿಂಗಳಿಗೆ ಆ ಮಸಿಯೇ ಶತ್ರುವಾಯಿತು. ಆಮೇಲೆ ಸೋಪು, ಹಾಲು, ಗಂಡನ ಅಂಗಿ, ಕೊನೆಗೆ ನಲ್ಲಿಯ ನೀರು. ನುಂಗಲಾರದ ತುತ್ತು ಅನ್ನುತ್ತಾರಲ್ಲ, ನನಗೆ ಸ್ವಂತ ಉಗುಳೇ ಹಾಗಾಗಿತ್ತು. "ನಾವೇನು ಹೆತ್ತಿಲ್ವಾ? ಬಸಿರು ಅಂದ್ಮೇಲೆ ಓಕರಿಕೆ ಇದ್ದದ್ದೇ. ಮನಸ್ಸು ಗಟ್ಟಿ ಮಾಡ್ಕೊ," ಅಂದರು ಅತ್ತೆ. ಕೆಟ್ಟವರಲ್ಲ, ದಿನಕ್ಕೊಂದು ಬಗೆ ಮಾಡಿ ತಂದು, ಏನು ಬಯಕೆ ಹೇಳು ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ನನಗಿದ್ದ ಬಯಕೆ ಒಂದೇ, ಬಚ್ಚಲಿನ ತಣ್ಣನೆ ನೆಲಕ್ಕೆ ಕೆನ್ನೆ ಒತ್ತಿ ಮಲಗುವುದು. ವಾಸನೆ ನನಗೆ ತಾಗಬಾರದೆಂದು ಗಂಡ ತಟ್ಟೆ ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದ. ಮುಚ್ಚಿದ ಬಾಗಿಲಿನ ಆಚೆ ಅವನೊಬ್ಬ, ಈಚೆ ನಾನೊಬ್ಬಳು.

ಮೈಯಲ್ಲಿ ನೀರೆಲ್ಲ ಬತ್ತಿ ಎಚ್ಚರ ತಪ್ಪಿದಾಗ ನನ್ನನ್ನು ತಂದು ನಿಮ್ಮ ಪಕ್ಕ ಮಲಗಿಸಿದರು. ಕಣ್ಣು ಬಿಟ್ಟಾಗ ನಿಮ್ಮ ಕೈಗೂ ಡ್ರಿಪ್ಪು, ನನ್ನ ಕೈಗೂ ಡ್ರಿಪ್ಪು. "ಬನ್ನಿ ಬನ್ನಿ, ಇಲ್ಲಿ ಊಟದ ಉಪಚಾರ ಒಂದು ಕೇಳ್ಬೇಡಿ," ಅಂದಿರಿ. ನಗಲು ಹೋಗಿ ವಾಂತಿ ಮಾಡಿಕೊಂಡೆ. ನೀವೂ ಮಾಡಿಕೊಂಡಿರಿ. ಅಷ್ಟು ದಿನಗಳಲ್ಲಿ ಮೊದಲ ಬಾರಿ ನನಗೊಂದು ಜೊತೆ ಸಿಕ್ಕಿತ್ತು.

ಮಧ್ಯಾಹ್ನ ಡ್ರಿಪ್ಪಿನ ಕಂಬ ತಳ್ಳಿಕೊಂಡು ಬಂದು, ನನ್ನ ಗಂಟುಗಟ್ಟಿದ ಕೂದಲು ಬಿಡಿಸಲು ಕೂತಿರಿ. ಮುಖ ಕಾಣುತ್ತಿರಲಿಲ್ಲ ಎಂದೋ ಏನೋ, ಯಾರಿಗೂ ಹೇಳದ್ದು ಬಾಯಿಗೆ ಬಂತು. "ಈ ಮಗು ಬೇಡ ಅನ್ಸುತ್ತೆ ಅಕ್ಕ. ಬೆಳಿಗ್ಗೆ ಕಣ್ಣೇ ಬಿಡದಿದ್ರೆ ಒಳ್ಳೇದಿತ್ತು ಅನ್ಸುತ್ತೆ." ಬಾಚಣಿಗೆ ನಿಂತಿತು. ನೀವು ಬೈಯಲಿಲ್ಲ, ಹಾಗನ್ನಬಾರದು ಎನ್ನಲೂ ಇಲ್ಲ. "ಡಾಕ್ಟ್ರು ಬಂದ್ರೆ ಬರೀ ವಾಂತಿ ವಿಷಯ ಹೇಳ್ತೀರಿ. ಇದನ್ನೂ ಹೇಳಿ. ಇದೂ ಕಾಯಿಲೇನೇ." ಆಮೇಲೆ ಮೆಲ್ಲಗೆ ಅಂದಿರಿ: "ನಾನು ನಾಳೆ ತೆಗೆಸ್ತಾ ಇದೀನಿ. ಮನೇಲಿ ಇಬ್ರು ಚಿಕ್ಕವರಿದಾರೆ. ಅವರಿಗೆ ಅಮ್ಮ ಉಳೀಬೇಕು. ಇದು ನನ್ನ ದಾರಿ. ನಿಮ್ಮದು ನೀವೇ ನೋಡ್ಕೊಬೇಕು."

ಮರುದಿನ ನಿಮ್ಮನ್ನು ಕರೆದೊಯ್ದ ಮೇಲೆ, ಹಾಸಿಗೆ ಬಟ್ಟೆ ಬದಲಿಸುತ್ತಿದ್ದವಳು "ಎಂಥಾ ಕಲ್ಲು ಮನಸ್ಸು" ಎಂದು ಗೊಣಗಿದಳು. ಬೆಳಿಗ್ಗೆ ನೀವು ಆಚೆ ತಿರುಗಿಕೊಂಡು ಸೆರಗು ಕಚ್ಚಿ ಅತ್ತದ್ದನ್ನು ನಾನು ಕಂಡಿದ್ದೆ. "ಕಲ್ಲಲ್ಲ ಅವರು" ಎನ್ನಲು ಹೋದೆ. ಮಾತಿಗಿಂತ ಮೊದಲು ವಾಂತಿ ಬಂತು.

ಅಂದೇ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಪಕ್ಕದಲ್ಲಿದ್ದ ಗಂಡ ಕೇಳಿಸಿಕೊಂಡು ಹಾಸಿಗೆಯ ಅಂಚಿಗೆ ಬಂದು ಕೂತ. ಡಾಕ್ಟರಮ್ಮ ಔಷಧಿ ಬದಲಿಸಿದರು, ಮನೋವೈದ್ಯರನ್ನೂ ಕರೆಸಿದರು. ವಾಂತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಸಾಯುವ ಯೋಚನೆ ನಿಧಾನಕ್ಕೆ ಹಿಂದೆ ಸರಿಯಿತು. ಹೆರುತ್ತೇನೆ ಅಂದೆ. ಅದು ಧೈರ್ಯವಲ್ಲ ಅಕ್ಕ. ನನಗೆ ಔಷಧಿ ಹಿಡಿಯಿತು, ಅಷ್ಟೇ.

ಮಗಳು ಹುಟ್ಟಿದಳು. ಮುಖ ನೋಡಿದ ಕೂಡಲೇ ಎಲ್ಲ ಮರೆತುಹೋಗುತ್ತದೆ ಅಂದಿದ್ದರು. ಮರೆಯಲಿಲ್ಲ. ಬಹಳ ದಿನ ಅವಳನ್ನು ಯಾರದೋ ಮಗುವಿನಂತೆ ಎತ್ತಿಕೊಂಡಿದ್ದೆ. ಪ್ರೀತಿ ತಡವಾಗಿ, ಚೂರುಚೂರಾಗಿ ಬಂತು. ಒಮ್ಮೆ ತನ್ನ ಸೀನಿಗೆ ತಾನೇ ಬೆಚ್ಚಿಬಿದ್ದಳು, ನಕ್ಕುಬಿಟ್ಟೆ. ಅಲ್ಲಿಂದ ಶುರು. ಈಗ ಮನೆ ತುಂಬ ಅವಳದೇ ಸದ್ದು. ಆದರೂ "ಪಟ್ಟದ್ದೆಲ್ಲ ಸಾರ್ಥಕ ಆಯ್ತಲ್ಲ" ಎಂದು ಯಾರಾದರೂ ಅಂದಾಗ, ಆ ತುಂಬಿದ ಮನೆಯಲ್ಲೇ ಒಂಟಿಯಾಗುತ್ತೇನೆ. ಹೌದೆಂದರೆ ನೀವು ಪಟ್ಟದ್ದು ವ್ಯರ್ಥ ಎಂದಂತೆ. ಇಲ್ಲವೆಂದರೆ ಮಗಳ ಕಿವಿಗೆ ಬಿದ್ದೀತು. ನಾನು ಸುಮ್ಮನಿರುವುದೇಕೆಂದು ತಿಳಿಯಬಲ್ಲವರು ನೀವೊಬ್ಬರೇ, ಎಲ್ಲಿದ್ದೀರೋ.

ಮೊನ್ನೆ ಬಸ್ಸಿನಲ್ಲಿ ಹೋಗುವಾಗ ನಿಲ್ದಾಣದ ಬೆಂಚಿನ ಮೇಲೆ ಒಬ್ಬಾಕೆಯನ್ನು ಕಂಡೆ. ಎಡಕ್ಕೊಂದು, ಬಲಕ್ಕೊಂದು ಮಗು. ಬ್ರೆಡ್ಡು ಮುರಿದು ಅವರಿಗೆ ಕೊಟ್ಟು, ಉಳಿದದ್ದನ್ನು ತಾನು ಗಬಗಬ ತಿನ್ನುತ್ತಿದ್ದಳು. ನಾನು ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಹೊರಟಿತು. ಅದು ನೀವೇ ಆಗಿದ್ದರೆ, ನಾನು ಕೊನೆಗೆ ಕಂಡಾಗ ಮಕ್ಕಳು ಏನೋ ಅಂದದ್ದಕ್ಕೆ ಬಾಯಿ ತುಂಬ ತುತ್ತಿಟ್ಟುಕೊಂಡೇ ನಗುತ್ತಿದ್ದಿರಿ.

ನಿಮ್ಮ ಹೊಟ್ಟೆ ತಣ್ಣಗಿರಲಿ ಅಕ್ಕ, ಮನಸ್ಸೂ.

ಇಂತಿ,
ಗೋಡೆ ಪಕ್ಕದ ಹಾಸಿಗೆಯ ತಂಗಿ