ಮುಂದಿನ ಬೇರಿಂಗಿಗೆ ಎಣ್ಣೆ ಯಾಕೆ ಹೋಗಲಿಲ್ಲ

ಕೊಪ್ಪಳ
9 ಡಿಸೆಂಬರ್ 1945

ಗೆಳೆಯ ಓಬಳೆಪ್ಪನಿಗೆ ಗ್ಯಾನಪ್ಪನ ನಮಸ್ಕಾರ.

ನೀನು ನನ್ನ ತಂಗಿಯ ಗಂಡ, ಬಹುವಚನ ಹಚ್ಚಿ ಬರೆಯಬೇಕು. ಚಿಕ್ಕಂದಿನ ರೂಢಿ, ಕೈ ಕೇಳುವುದಿಲ್ಲ. ಅದಕ್ಕೆ ಸಿಟ್ಟಾಗಬೇಡ, ಸಿಟ್ಟಾಗಲು ಬೇರೆ ಕಾರಣ ಬೇಕಾದಷ್ಟಿವೆ. ನಾನು, ಮುದಕಮ್ಮ ಗಟ್ಟಿಯಾಗಿದ್ದೇವೆ. ನೀನು, ಹೊಳಿಯಮ್ಮ ಗಂಗಾವತಿಯಲ್ಲಿ ಹೇಗಿದ್ದೀರಿ, ಗಿರಣಿಯ ಕೆಲಸ ಹೊಂದಿತೇ ಎಂದು ಕೇಳಲು ಎರಡು ವರ್ಷ ತಡಮಾಡಿದೆ. ನಾಚಿಕೆಯಿಂದ ಬರೆಯಲಿಲ್ಲ ಎಂದರೆ ಸುಳ್ಳಾದೀತು. ಮೊನ್ನೆಯವರೆಗೂ ನಾನೇ ಸರಿ ಎಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ತಳಕಲ್ಲಿನ ಹತ್ತಿರ ನಮ್ಮ ಮೋಟಾರಿನ ಮುಂದಿನ ಬೇರಿಂಗು ಸುಟ್ಟಿತಲ್ಲ, ಆಗ ಇಳಿದು ನಿಂತ ಪ್ಯಾಸೆಂಜರುಗಳ ಎದುರು, ಊರವರ ಎದುರು, "ಎಣ್ಣಿ ಹಾಕಿಲ್ಲ ನೀ, ಮಾರಿಕೊಂಡಿ" ಎಂದು ನಿನ್ನ ಮೇಲೆ ಹಾಯ್ದೆ. ನೀನು ಎಣ್ಣೆ ಹಾಕಿದ್ದೆ. ಅದೀಗ ನನಗೆ ಗೊತ್ತಾಗಿದೆ. ಬರೀ ತಪ್ಪಾಯಿತು ಎಂದು ಬರೆದರೆ ನಾಕು ಸಾಲಿಗೆ ಮುಗಿಯುತ್ತಿತ್ತು. ಆದರೆ ಹಾಕಿದ ಎಣ್ಣೆ ಎಲ್ಲಿ ಹೋಗಿತ್ತು ಎಂದು ತಿಳಿಯದೆ ಕೇಳಿದವರು ನಂಬುವುದಿಲ್ಲ. ಅದಕ್ಕೇ ಪೂರ್ತಿ ಬರೆಯುತ್ತೇನೆ, ಬೇಸರಪಡಬೇಡ.

ಹೋದ ತಿಂಗಳು ಯಲಬುರ್ಗಾ ದಾಟಿದ ಮೇಲೆ ಮತ್ತೆ ಅದೇ ಟಕಟಕ ಸಪ್ಪಳ. ಅದೇ ಬೇರಿಂಗು. ಬೆಳಿಗ್ಗೆ ನಾನೇ ನನ್ನ ಕೈಯಾರೆ ಎಣ್ಣೆ ಹಾಕಿದ್ದೆ. ಈಗ ಯಾರನ್ನು ಕಳ್ಳ ಅನ್ನಲಿ? ಮೋಟಾರಿನ ಕೆಳಗೆ ತೂರಿ ಹಿಂದಿನ ಸಣ್ಣ ನಳ ತಿರುವಿದೆ. ಎಣ್ಣೆ ಧಾರೆಯಾಗಿ ಬಂತು. ಅಲ್ಲೇ ಮಣ್ಣಿನಲ್ಲಿ ಅಂಗಾತ ಬಿದ್ದುಕೊಂಡು ಅದನ್ನೇ ನೋಡಿದೆ. ಆವತ್ತು ನೀನೂ ಅಂದಿದ್ದೆ, "ಹಿಂದಿನ ನಳ ತಿರುವಿ ನೋಡು, ಗ್ಯಾನಪ್ಪಾ. ಎಣ್ಣಿ ಐತಿ." ನಾನು ನೋಡಲಿಲ್ಲ. ಒಂದು ನಳ ತಿರುವಲು ಎಷ್ಟು ಹೊತ್ತು ಬೇಕಿತ್ತು ಹೇಳು.

ಎತ್ತು ಹೂಡಿ ಎಳೆಸಿಕೊಂಡು ಬಂದು ಜಿಲಾನಸಾಬ ಮೇಸ್ತ್ರಿಯ ಅಂಗಳದಲ್ಲಿ ಮೋಟಾರು ನಿಲ್ಲಿಸಿದೆ. ಹಿಂದೆ ಎಣ್ಣೆ ಭರ್ತಿ, ಮುಂದೆ ಬೇರಿಂಗು ಒಣಗಿದೆ, ಇದು ಹೇಗೆ ಎಂದು ಕೇಳಿದೆ. ಅವನು ಬೀಡಿ ತೆಗೆದು, "ಹಿಂದಿನ ಸಲಾನೂ ಹಂಗ ಇತ್ತಲ್ಲೋ. ನಾ ತಳ ಬಿಚ್ಚಿದಾಗ ಅರ್ಧ ಬಕೀಟು ಎಣ್ಣಿ ಬಂತು" ಅಂದ.

"ಮತ್ತ ನನಗ ಯಾಕ ಹೇಳಲಿಲ್ಲ, ಚಾಚಾ?"

"ನೀ ಎಲ್ಲಿ ಕೇಳಿದಿ? ಓಬಳೆಪ್ಪಗ ಬೈಕೋತ ನಿಂತಿದ್ದಿ. ನಾ ಎಲ್ಲಾ ಗ್ಯಾಸೆಣ್ಣಿಲೆ ತೊಳದು, ಕೊಳವಿ ಊದಿ, ಜೋಡಿಸಿ ಕೊಟ್ಟೆ."

ಅಂದರೆ ಅವನು ಊದಿದ್ದಕ್ಕೇ ಎರಡು ವರ್ಷ ಓಡಿತು, ಯಾಕೆ ಕೆಟ್ಟಿತ್ತೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಈ ಸಲ ನಾನು ಬಿಡಲಿಲ್ಲ. ಕಾಲ ಬುಡದಲ್ಲಿರುವ ಗೇರಿನ ಡಬ್ಬಿಯ ಮುಚ್ಚಳ ತೆಗೆದು ಮುಖ ಬಗ್ಗಿಸಿ, ಚಾಚಾನಿಗೆ ಹ್ಯಾಂಡಲು ತಿರುಗಿಸು ಅಂದೆ. ಎಣ್ಣೆ ಚಿಮ್ಮಿ ಮುಖಕ್ಕೆ ರಾಚಿತು. ಬುತ್ತಿ ತಂದಿದ್ದ ಮುದಕಮ್ಮ, "ದೀಪಾವಳಿ ಆಗಿಹೋತು. ಎಣ್ಣಿ ಈಗ ಹಚ್ಕೊಂತೀರೇನ್ರಿ" ಎಂದು ನಕ್ಕಳು. ನಗಲಿ. ನನಗೆ ಆಗ ದಾರಿ ಕಂಡಿತು.

ಹನ್ನೆರಡು ವರ್ಷ ಓಡಿಸಿದ್ದೇನೆ, ಒಂದು ದಿನವೂ ಇದನ್ನು ನೋಡಿರಲಿಲ್ಲ. ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆ. ಅದನ್ನು ತಳ್ಳಲು ಪಂಪು ಪಿಂಪು ಏನೂ ಇಲ್ಲ. ಎಂಜಿನ್ನಿನ ಹಿಂಭಾಗದ ಒಳಗಿರುವ ದೊಡ್ಡ ಗಾಲಿ ತಳದ ಎಣ್ಣೆಯಲ್ಲಿ ಅಂಚು ಅದ್ದಿಕೊಂಡು ತಿರುಗುತ್ತದೆ, ಎಣ್ಣೆಯನ್ನು ಮೇಲಕ್ಕೆ ಎರಚುತ್ತದೆ. ಎರಚಿದ್ದರಲ್ಲಿ ಒಂದಿಷ್ಟು ಪಕ್ಕದ ಪುಟ್ಟ ಲಾಳಿಕೆಯ ಬಾಯಿಗೆ ಬೀಳುತ್ತದೆ. ಅಲ್ಲಿಂದ ಬೆರಳು ಗಾತ್ರದ ಕೊಳವೆಯಲ್ಲಿ ಇಳಿದು ಮುಂದಿನ ತುದಿಗೆ ಹೋಗುತ್ತದೆ, ಮುಂದಿನಿಂದ ಬೇರಿಂಗುಗಳನ್ನು ತೋಯಿಸಿಕೊಂಡು ಹಿಂದಕ್ಕೆ ಹರಿದು ಬರುತ್ತದೆ. ಅದೊಂದು ಕೊಳವೆ ಕಟ್ಟಿದರೆ ಹಿಂದೆ ಹೊಂಡದಷ್ಟು ಎಣ್ಣೆ ಇದ್ದರೂ ಮುಂದೆ ಹನಿ ಹೋಗುವುದಿಲ್ಲ.

ಲಾಳಿಕೆಗೆ ಒಂದು ಲೋಟ ಎಣ್ಣೆ ಹೊಯ್ದು ಮುಂದಿನ ತುದಿಯಲ್ಲಿ ಅಂಗೈ ಹಿಡಿದೆ. ಒಂದು ಬೀಡಿ ಸೇದಿ ಮುಗಿಯಿತು, ಅಂಗೈ ಒಣಗಿಯೇ ಇತ್ತು. ತಂತಿ ತೂರಿಸಿ ಎಳೆದೆ. ದೀಪದ ಬತ್ತಿಯಂಥದ್ದು, ಕರ್ರಗೆ, ಗೇಣುದ್ದ ಹೊರಗೆ ಬಂತು. ತೊಳೆದು ಬಿಡಿಸಿದರೆ ಬಿಳಿ ನೂಲು.

ಗೇರಿನ ಡಬ್ಬಿಯಲ್ಲಿ ನೂಲು ಎಲ್ಲಿಂದ ಬಂತು ಅನ್ನುತ್ತೀಯಾ? ಗೇರು ಹಿಡಿಯುವ ಮೂರು ಪಟ್ಟಿಗಳ ಒಳಮೈಗೆ ನೂಲಿನ ಹಾಸು ಇರುತ್ತದಲ್ಲ, ಯುದ್ಧ ಶುರುವಾದ ಮೇಲೆ ಅದು ಎಲ್ಲೂ ಸಿಗಲಿಲ್ಲ. ನಾನು ಭಾರೀ ಶಾಣ್ಯಾ, ಕುಷ್ಟಗಿ ಸಂತೆಯಲ್ಲಿ ಮಂಚಕ್ಕೆ ಹೆಣೆಯುವ ನವಾರು ಕೊಂಡು ತಂದು ಅದನ್ನೇ ಹೊಲಿದು ಕೂಡಿಸಿದೆ. ಮೋಟಾರು ಓಡಿತು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಪೆಡಲು ತುಳಿದಾಗಲೆಲ್ಲ ಆ ನವಾರು ತಿಕ್ಕಿ ತಿಕ್ಕಿ ಎಳೆ ಬಿಟ್ಟಿದೆ. ಎಳೆ ಎಣ್ಣೆಗೆ ಬಿದ್ದಿದೆ, ಎಣ್ಣೆಯ ಜೊತೆ ಲಾಳಿಕೆಗೆ ಬಿದ್ದಿದೆ. ಬೇರಿಂಗು ಸುಟ್ಟವನು ನಾನು, ಓಬಳೆಪ್ಪ.

ನವಾರಿನ ಬದಲು ಬೇರೆ ಹಾಸು ಇನ್ನೂ ಸಿಕ್ಕಿಲ್ಲ. ಹಾಗಾಗಿ ಎಣ್ಣೆಯನ್ನೇ ಸೋಸಬೇಕಾಯಿತು. ಮೊದಲು ಲಾಳಿಕೆಯ ಬಾಯಿಗೆ ಮಲಮಲ್ ಬಟ್ಟೆ ಕಟ್ಟಿದೆ, ಚಳಿಗೆ ಗಟ್ಟಿಯಾದ ಎಣ್ಣೆ ಇಳಿಯಲೇ ಇಲ್ಲ. ಆಮೇಲೆ ಹಿತ್ತಾಳೆಯ ಜಾಲರಿ ಕಟ್ಟಿದೆ, ಎರಡೇ ದಿನದಲ್ಲಿ ಎಳೆ ತುಂಬಿ ಮುಚ್ಚಿತು. ಮುದಕಮ್ಮ ನೋಡುವಷ್ಟು ನೋಡಿ, "ಹಿಟ್ಟು ಸಾಣಿಸೋ ಸಾಣಿಗಿ ಇಷ್ಟು ಅಗಲ ಯಾಕಿರತೈತ್ರಿ? ಒಂದು ಕಡೆ ತವಡು ನಿಂತರ ಇನ್ನೊಂದು ಕಡೆ ಹಿಟ್ಟು ಇಳೀಲಿ ಅಂತ. ನೀವು ಬೆರಳಷ್ಟು ಬಾಯಿಗೆ ಸಾಣಿಗಿ ಕಟ್ಟೀರಿ" ಅಂದಳು. ತನ್ನ ಸಾಣಿಗೆಯನ್ನೇ ತಂದು ಕೊಟ್ಟಳು, ಹೊಸದು ಕೊಡಿಸುವ ಕರಾರಿನ ಮೇಲೆ.

ಈಗ ಡಬ್ಬಿಯ ಮುಚ್ಚಳದ ಕೆಳಗೆ ಅಗಲವಾದ ತಗಡಿನ ತಟ್ಟೆ, ಅದರ ಮೇಲೆ ಅವಳ ಸಾಣಿಗೆಯ ಜಾಲರಿ. ಗಾಲಿ ಎರಚಿದ ಎಣ್ಣೆ ಅದರ ಮೇಲೆ ಬಿದ್ದು ಸೋಸಿ, ಹೊರಗಿನಿಂದ ಹಾಯಿಸಿದ ತಾಮ್ರದ ಕೊಳವೆಯಲ್ಲಿ ಮುಂದಕ್ಕೆ ಹೋಗುತ್ತದೆ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಜಾಲರಿಯ ಎಳೆ ಬಳಿಯುತ್ತೇನೆ. ಪ್ರತಿ ಸಲ ಒಂದು ಮುಷ್ಟಿ ಸಿಗುತ್ತದೆ. ಕೊಳವೆಯ ತುದಿಯಲ್ಲಿ ಎಣ್ಣೆ ತೊಟ್ಟಿಕ್ಕುವುದನ್ನು ನೋಡುತ್ತ ಕುಳಿತರೆ ನನಗೆ ಊಟದ ನೆನಪಾಗುವುದಿಲ್ಲ. ನೀನು ನೋಡಿದ್ದರೆ ನಿನಗೂ ಹಾಗೇ ಆಗುತ್ತಿತ್ತು.

ಹೋದ ಸೋಮವಾರ ತಳಕಲ್ಲಿನಲ್ಲಿ ಮೋಟಾರು ನಿಲ್ಲಿಸಿದೆ. ಆವತ್ತು ನಿಂತು ನೋಡಿದ್ದ ಹುಚ್ಚೀರಪ್ಪ ಚಹಾದಂಗಡಿಯಲ್ಲಿದ್ದ. ಅವನಿಗೂ ಅಲ್ಲಿದ್ದವರಿಗೂ ಎಲ್ಲ ಹೇಳಿದೆ, ಆ ಬತ್ತಿ ತೋರಿಸಿದೆ. ಹುಚ್ಚೀರಪ್ಪ ಅದನ್ನು ಕೈಯಲ್ಲಿ ಹಿಡಿದು, "ನಮಗ ಹೇಳಿ ಏನು ಮಾಡ್ತಿ? ಆ ಗಂಡ ಹೆಂಡತಿಗೆ ಹೇಳಿಯೇನು?" ಅಂದ. ಅದಕ್ಕೇ ಇವತ್ತು ಬರೆಯಲು ಕುಳಿತೆ.

ಮೋಟಾರಿನ ಕೆಲಸಕ್ಕೆ ವಾಪಸು ಬಾ ಎಂದು ಕರೆಯುವ ಹಕ್ಕು ನನಗಿಲ್ಲ. ಬಂದರೆ ಮುದಕಮ್ಮ ರೊಟ್ಟಿ ಬಡಿಯುತ್ತಾಳೆ. ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ, ದೇವರು ನಿಮ್ಮ ಮನೆಯ ಕಡೆ ನೋಡಲಿ.

ನಿನ್ನ
ಗ್ಯಾನಪ್ಪ

ತಾ. ಕ.: ಸಹಿ ಹಾಕಿದ ಮೇಲೂ ಬರೆಯಬೇಕಾದದ್ದನ್ನು ಬರೆದಿಲ್ಲ. ಆ ದಿನ ತಳಕಲ್ಲಿನಿಂದ ಮನೆಗೆ ಬಂದು, ನಿನ್ನ ಆರು ತಿಂಗಳ ಕೂಸು ಹುಲಿಗವ್ವನ ತಲೆಯ ಮೇಲೆ ಕೈ ಇಡಿಸಿ ನಿನ್ನಿಂದ ಆಣೆ ಮಾಡಿಸಿದೆ. ಎಣ್ಣೆ ಹಾಕಿದ್ದೇನೆ ಎಂದು ನೀನು ಆಣೆ ಮಾಡಿದೆ. ಇಪ್ಪತ್ತು ದಿನಕ್ಕೆ ಕೂಸು ಜ್ವರ ಬಂದು ಹೋಯಿತು. ಮಣ್ಣು ಕೊಟ್ಟು ಬಂದು ಹೊಳಿಯಮ್ಮನ ಎದುರು ಕುಳಿತು, "ಸುಳ್ಳು ಆಣಿ ಕೂಸಿನ್ನ ತಿಂತವ್ವಾ" ಎಂದವನು ನಾನು. ಅವಳು ಇವತ್ತಿಗೂ ನಿನಗೆ ತಾಟು ಹಚ್ಚಿಟ್ಟು ಮಾತಾಡದೆ ಎದ್ದು ಹೋಗುತ್ತಾಳೆ ಎಂದು ಗಂಗಾವತಿಯಿಂದ ಬಂದವರು ಹೇಳಿದರು.

ಈ ಪತ್ರ ನೀನು ಅವಳಿಗೆ ಓದಿ ಹೇಳಬೇಡ. ನೀನು ಓದಿದರೆ, ಕಟ್ಟಿ ಹೇಳುತ್ತಿದ್ದೀ ಎಂದಾಳು. ಗಿರಣಿಯ ಗುಮಾಸ್ತರನ್ನು ಮನೆಗೆ ಕರೆದುಕೊಂಡು ಹೋಗಿ ಓದಿಸು, ನೀನು ಹೊರಗೆ ನಿಲ್ಲು. ಗುಮಾಸ್ತರೇ, ಕೆಳಗಿನದನ್ನು ದಯವಿಟ್ಟು ಎರಡು ಸಲ ಓದಿರಿ.

ಹೊಳಿಯವ್ವಾ, ನಾ ನಿಮ್ಮಣ್ಣ ಗ್ಯಾನಪ್ಪ. ನಿನ್ನ ಗಂಡ ಎಣ್ಣಿ ಹಾಕಿದ್ದ. ಆಣಿ ಖರೇ ಇತ್ತು. ಕೂಸು ಜ್ವರದಾಗ ಹೋತು.